ಊರಿನ ಬಿಪಿ ನಕ್ಷೆ ಬಿಡಿಸುವುದು ಹೇಗೆ?

ಈ ಕೆಲಸಕ್ಕೆ ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ದೊಡ್ಡ ಕಾಗದ, ಹಳೇ ಕ್ಯಾಲೆಂಡರಿನ ಹಿಂಬದಿಯಾದರೂ ಸರಿ. ಎರಡು ಬಣ್ಣದ ಸ್ಕೆಚ್ ಪೆನ್. ಒಂದು ಕಟ್ಟು ಚೀಟಿ. ಎರಡು ಗಂಟೆ ಸಮಯ. ಆಮೇಲೆ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವ ಹತ್ತು ಹನ್ನೆರಡು ಜನ. ಕೊನೆಯದು ಸಿಗುವುದೇ ಸ್ವಲ್ಪ ಕಷ್ಟ.

ಇದಕ್ಕೆ ಸಿಸ್ಟಮ್ಸ್ ಥಿಂಕಿಂಗ್ ಅಂತ ಹೆಸರಿದೆ. ಹೆಸರು ಕೇಳಿ ಹೆದರಬೇಡಿ. ಸಾರು ಕೆಟ್ಟರೆ ನೀವು ಬರೀ ಉಪ್ಪು ನೋಡಿ ಸುಮ್ಮನಾಗುವುದಿಲ್ಲ. ಬೇಳೆ ಬೆಂದಿತ್ತಾ, ಹುಣಸೆ ಹಳೇದಾ, ಪುಡಿ ಯಾವಾಗ ಮಾಡಿದ್ದು, ಒಲೆ ಹತ್ತಿರ ಯಾರಿದ್ದರು ಅಂತ ಎಲ್ಲ ಕೇಳುತ್ತೀರಿ, ಅಲ್ವಾ? ಅದನ್ನೇ ಊರಿನ ಕಾಯಿಲೆಗೆ ಮಾಡುವುದು. ಒಂದು ಇನ್ನೊಂದನ್ನು ಹೇಗೆ ಎಳೆಯುತ್ತದೆ, ಆ ಎಳೆತ ಸುತ್ತಿಕೊಂಡು ಮತ್ತೆ ಮೊದಲಿನ ಜಾಗಕ್ಕೇ ಹೇಗೆ ಬರುತ್ತದೆ ಅಂತ ಕಾಗದದ ಮೇಲೆ ಬಿಡಿಸುವುದು.

ನಾನು ಬಿಪಿಯನ್ನು ಉದಾಹರಣೆಗೆ ತೆಗೆದುಕೊಂಡಿದ್ದೇನೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ದಾಟಿದ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬಿಪಿ ಜಾಸ್ತಿ ಇದೆ, ಇಲ್ಲವೇ ಅವರು ಅದಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಬಿಪಿ ಹತೋಟಿಯಲ್ಲಿದ್ದರೆ ಲಕ್ವ, ಹಾರ್ಟ್ ಅಟ್ಯಾಕ್, ಕಿಡ್ನಿ ಕೆಡುವುದು ಮೂರೂ ಕಡಿಮೆಯಾಗುತ್ತವೆ. ಮಾತ್ರೆಗೆ ದುಡ್ಡೂ ಹೆಚ್ಚು ಬೇಕಿಲ್ಲ, ಸರ್ಕಾರಿ ಕೇಂದ್ರದಲ್ಲಿ ಬಿಟ್ಟಿ. ಆದರೂ ಊರೂರಲ್ಲಿ ಬಿಪಿ ಇಳಿಯುತ್ತಿಲ್ಲ. ಯಾಕೆ ಅಂತ ಕೇಳಿದರೆ ‘ಜನಕ್ಕೆ ತಿಳಿವಳಿಕೆ ಇಲ್ಲ’ ಅನ್ನುವ ಉತ್ತರ ರೆಡಿಯಾಗಿರುತ್ತದೆ. ಈ ಉತ್ತರವನ್ನು ಎರಡು ಗಂಟೆ ಪಕ್ಕಕ್ಕಿಡಿ. ಅಷ್ಟು ಮಾಡಿದರೆ ಅರ್ಧ ಕೆಲಸ ಆದಂತೆ.

ಮೊದಲು, ಪ್ರಶ್ನೆ ಸಣ್ಣದು ಮಾಡಿ

‘ನಮ್ಮೂರಲ್ಲಿ ಕಾಯಿಲೆ ಯಾಕೆ ಜಾಸ್ತಿ?’ ಅಂತ ಕೇಳಿದರೆ ನಕ್ಷೆ ಗೋಡೆ ತುಂಬಾ ಹರಡಿಕೊಳ್ಳುತ್ತದೆ. 2007ರಲ್ಲಿ ಬ್ರಿಟನ್ನಿನಲ್ಲಿ ಬೊಜ್ಜಿನ ಬಗ್ಗೆ ಇಂಥದ್ದೊಂದು ನಕ್ಷೆ ಮಾಡಿದರು. ಅದರಲ್ಲಿ ನೂರಕ್ಕೂ ಹೆಚ್ಚು ಅಂಶಗಳಿದ್ದವು, ಅವುಗಳ ನಡುವೆ ಬಾಣಗಳೋ ಬಾಣಗಳು. ವಿಷಯ ಎಷ್ಟು ಜಟಿಲ ಅಂತ ತೋರಿಸಲು ಅದು ಒಳ್ಳೆಯದೇ. ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಅದನ್ನು ನೋಡಿ ಹೇಳುವುದು ಮಾತ್ರ ಕಷ್ಟ. ನಾನು ಮೊದಲ ಸಲ ಮಾಡಿದ್ದೂ ಇದೇ ತಪ್ಪು. ಅರವತ್ತು ಚೀಟಿ ಅಂಟಿಸಿದ್ದೆ. ಒಬ್ಬ ಹಿರಿಯರು ನೋಡಿ ‘ಇದೇನಪ್ಪಾ, ಜೇನುಗೂಡಿಗೆ ಕಲ್ಲು ಹೊಡೆದ ಹಾಗಿದೆ’ ಅಂದರು.

ಹಾಗಾಗಿ ಪ್ರಶ್ನೆಯಲ್ಲಿ ಯಾರು, ಎಲ್ಲಿ, ಎಷ್ಟು ದಿನದಲ್ಲಿ ಅನ್ನುವುದು ಇರಲಿ. ‘ನಮ್ಮ ಪಂಚಾಯಿತಿಯಲ್ಲಿ ಬಿಪಿ ಮಾತ್ರೆ ಶುರು ಮಾಡಿದವರು ಆರು ತಿಂಗಳೊಳಗೆ ಯಾಕೆ ನಿಲ್ಲಿಸುತ್ತಾರೆ?’ ಇದು ಒಳ್ಳೆಯ ಪ್ರಶ್ನೆ. ‘ನಮ್ಮ ಮನೆಗಳಲ್ಲಿ ಉಪ್ಪಿನ ಖರ್ಚು ಯಾಕೆ ಏರಿದೆ?’ ಇದೂ ಒಳ್ಳೆಯದೇ.

ಚೀಟಿ ಹಂಚುವ ಮೊದಲು ಒಂದು ಗೆರೆ ಎಳೆಸಿ. ಅಡ್ಡಕ್ಕೆ ವರ್ಷಗಳು, ಉದ್ದಕ್ಕೆ ಜಾಸ್ತಿ ಕಡಿಮೆ. ಕಳೆದ ಮೂವತ್ತು ವರ್ಷದಲ್ಲಿ ಮುದ್ದೆ ಉಣ್ಣುವುದು, ನಡೆಯುವುದು, ಬೇಕರಿ ತಿಂಡಿ, ಲಕ್ವ ಹೊಡೆದವರು ಹೇಗೆ ಏರಿದ್ದಾರೆ ಇಳಿದಿದ್ದಾರೆ ಅಂತ ಊರಿನವರೇ ಎಳೆಯಲಿ. ಇಸವಿ ನೆನಪಿರುವುದಿಲ್ಲ, ಪರವಾಗಿಲ್ಲ. ಬೋರ್‌ವೆಲ್ ಕೊರೆದ ವರ್ಷ, ಮೊದಲ ಬಸ್ ಬಂದ ವರ್ಷ, ಸರ್ಕಲ್ಲಿನಲ್ಲಿ ಬೇಕರಿ ತೆರೆದ ವರ್ಷ ಅಂತ ಗುರುತು ಹಾಕಿಸಿ. ಈ ಗೆರೆಗಳು ಲೆಕ್ಕಕ್ಕೆ ಕರಾರುವಾಕ್ಕಾಗಿ ಇರುವುದಿಲ್ಲ. ಆದರೆ ಎರಡು ಗೆರೆ ಒಟ್ಟಿಗೆ ತಿರುಗಿದ ಜಾಗದಲ್ಲಿ ಜನ ತಾವಾಗಿಯೇ ಮಾತು ಶುರು ಮಾಡುತ್ತಾರೆ.

ಯಾರನ್ನು ಕರೆಯಬೇಕು?

ಆಶಾ ಕಾರ್ಯಕರ್ತೆ, ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿ, ಪ್ರಾಥಮಿಕ ಆರೋಗ್ಯ ಕೇಂದ್ರದ ಫಾರ್ಮಸಿಸ್ಟ್, ಪಂಚಾಯಿತಿ ಸದಸ್ಯರು. ಇವರು ಹೇಗೂ ಬರುತ್ತಾರೆ. ಬಿಟ್ಟುಹೋಗುವವರ ಪಟ್ಟಿ ಬೇರೆಯೇ ಇದೆ: ಮಾತ್ರೆ ನಿಲ್ಲಿಸಿದವರು ಇಬ್ಬರು, ಮನೆಯಲ್ಲಿ ಲಕ್ವ ಆದವರನ್ನು ನೋಡಿಕೊಳ್ಳುವ ಸೊಸೆ, ಸೊಸೈಟಿ ಅಂಗಡಿಯವರು, ಹಾಲಿನ ಡೇರಿ ಕಾರ್ಯದರ್ಶಿ, ಮದುವೆ ಅಡುಗೆ ಮಾಡುವ ಭಟ್ಟರು, ಬೇಕರಿಯವರು. ಬೇಕರಿಯವರನ್ನು ಅಪರಾಧಿ ಥರ ಕೂರಿಸಬೇಡಿ. ಸಂಜೆ ಏನು ಮಾರುತ್ತದೆ, ಯಾಕೆ ಮಾರುತ್ತದೆ ಅನ್ನುವುದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತಿರುತ್ತದೆ.

ಸಭೆ ಆಸ್ಪತ್ರೆಯಲ್ಲಿ ಬೇಡ. ಅಲ್ಲಿ ಡಾಕ್ಟರ್ ಕುರ್ಚಿ ಎತ್ತರದಲ್ಲಿರುತ್ತದೆ, ಬೇರೆಯವರು ತಲೆಯಾಡಿಸುತ್ತಾರೆ. ಶಾಲೆಯ ಜಗಲಿ ಅಥವಾ ಸ್ತ್ರೀಶಕ್ತಿ ಸಂಘ ಸೇರುವ ಜಾಗ ಸಾಕು. ಕೂಲಿಗೆ ಹೋಗುವವರು ಬರಬೇಕಾದರೆ ಸಂಜೆ ಇಡಿ.

ಚೀಟಿ, ಬಾಣ, ಸುತ್ತು

ಒಂದೊಂದು ಚೀಟಿಯಲ್ಲಿ ಏರುವ ಇಳಿಯುವ ಒಂದು ವಿಷಯ ಬರೆಸಿ. ‘ಸೋಮಾರಿತನ’, ‘ಅಜ್ಞಾನ’ ಅಂತ ಬಂದರೆ ವಾಪಸ್ ಕೊಟ್ಟು ‘ನಿಮ್ಮ ಕಣ್ಣಿಗೆ ಏನು ಕಂಡಿತು?’ ಅಂತ ಕೇಳಿ. ಆಗ ‘ಆಸ್ಪತ್ರೆಗೆ ಹೋದರೆ ತಪ್ಪುವ ಕೂಲಿ’ ಅಂತ ಹೊಸ ಚೀಟಿ ಬರುತ್ತದೆ. ಅದು ಬೇಕಾದದ್ದು.

ಆಮೇಲೆ ಒಂದರಿಂದ ಇನ್ನೊಂದಕ್ಕೆ ಬಾಣ ಹಾಕಿ. ಮೊದಲನೆಯದು ಏರಿದಾಗ ಎರಡನೆಯದೂ ಏರಿದರೆ, ಅಥವಾ ಎರಡೂ ಒಟ್ಟಿಗೆ ಇಳಿದರೆ, ಬಾಣದ ತುದಿಗೆ ಪ್ಲಸ್. ಒಂದು ಏರಿದಾಗ ಇನ್ನೊಂದು ಇಳಿದರೆ ಮೈನಸ್. ಪ್ಲಸ್ ಅಂದರೆ ಒಳ್ಳೆಯದು, ಮೈನಸ್ ಅಂದರೆ ಕೆಟ್ಟದ್ದು ಅಂತ ಅರ್ಥ ಮಾಡಬೇಡಿ. ಎಲ್ಲರೂ ಮೊದಲು ಎಡವುವುದು ಇಲ್ಲೇ.

ಒಂದು ಸುತ್ತನ್ನು ಪೂರ್ತಿ ಹಾಕಿ ತೋರಿಸುತ್ತೇನೆ. ಒಬ್ಬ ಅಜ್ಜಿ ಬಸ್ ಹತ್ತಿ ಮಾತ್ರೆಗೆ ಬರುತ್ತಾರೆ. ‘ಸ್ಟಾಕ್ ಇಲ್ಲ ಅಜ್ಜಿ, ಮುಂದಿನ ವಾರ ಬನ್ನಿ’ ಅನ್ನುತ್ತಾರೆ ಫಾರ್ಮಸಿಸ್ಟ್. ಬಸ್ ಚಾರ್ಜೋ ಕೂಲಿಯೋ ಏನೋ ಒಂದು ಹೋಯಿತು. ಮುಂದಿನ ವಾರ ಅಜ್ಜಿ ಬರುವುದಿಲ್ಲ. ಅವರಂಥ ಇನ್ನೂ ಹತ್ತು ಜನ ಬರುವುದಿಲ್ಲ. ತಿಂಗಳ ಕೊನೆಗೆ ರಿಜಿಸ್ಟರ್ ನೋಡಿದರೆ ಖರ್ಚಾದ ಮಾತ್ರೆ ಕಡಿಮೆ. ‘ಹೋದ ತಿಂಗಳು ಇಷ್ಟೇ ಖರ್ಚಾಗಿದೆ’ ಅಂತ ಇಂಡೆಂಟ್, ಅಂದರೆ ಇಷ್ಟು ಮಾತ್ರೆ ಕಳಿಸಿ ಅನ್ನುವ ಬೇಡಿಕೆ ಪಟ್ಟಿ, ಕಡಿಮೆ ಹಾಕುತ್ತಾರೆ. ಬರುವ ಸ್ಟಾಕ್ ಇನ್ನೂ ಕಡಿಮೆ. ಮತ್ತೆ ಮೊದಲಿನಿಂದ.

ಇದನ್ನು ಕಾಗದಕ್ಕೆ ಇಳಿಸಿ. ಸ್ಟಾಕಿನಿಂದ ಬರಿಗೈಯಲ್ಲಿ ಹೋದವರಿಗೆ ಮೈನಸ್. ಅಲ್ಲಿಂದ ಮುಂದಿನ ಸಲ ಬರುವವರಿಗೆ ಮೈನಸ್. ಬರುವವರಿಂದ ಖರ್ಚಾದ ಮಾತ್ರೆಗೆ ಪ್ಲಸ್, ಅಲ್ಲಿಂದ ಇಂಡೆಂಟಿಗೆ ಪ್ಲಸ್, ಇಂಡೆಂಟಿನಿಂದ ಸ್ಟಾಕಿಗೆ ಪ್ಲಸ್. ಈಗ ಮೈನಸ್ ಎಣಿಸಿ. ಎರಡು. ಸಮಸಂಖ್ಯೆ ಬಂದರೆ, ಅಥವಾ ಮೈನಸ್ಸೇ ಇಲ್ಲದಿದ್ದರೆ, ಅದು ಬೆಳೆಯುವ ಸುತ್ತು. ಹೋದ ದಿಕ್ಕಿಗೇ ಇನ್ನೂ ಜೋರಾಗಿ ಹೋಗುತ್ತದೆ. ಬೆಸಸಂಖ್ಯೆ ಬಂದರೆ ತಡೆಯುವ ಸುತ್ತು. ನೀವು ಎಷ್ಟು ತಳ್ಳಿದರೂ ಹಳೇ ಜಾಗಕ್ಕೆ ವಾಪಸ್ ಎಳೆಯುತ್ತದೆ.

ಈ ಸುತ್ತಿನಲ್ಲಿ ತಪ್ಪು ಯಾರದು ಹೇಳಿ? ಅಜ್ಜಿಯದ್ದಾ? ಹೋದ ತಿಂಗಳ ಲೆಕ್ಕ ನೋಡಿ ಇಂಡೆಂಟ್ ಬರೆದ ಫಾರ್ಮಸಿಸ್ಟರದ್ದಾ? ಇಬ್ಬರೂ ತಮ್ಮ ಜಾಗದಿಂದ ನೋಡಿದರೆ ಸರಿಯಾದದ್ದನ್ನೇ ಮಾಡಿದ್ದಾರೆ. ಇದು ಕಾಗದದ ಮೇಲೆ ಕಂಡ ಕೂಡಲೇ ಕೋಣೆಯಲ್ಲಿ ಬೈದಾಟ ಅರ್ಧ ನಿಲ್ಲುತ್ತದೆ.

ಇದೇ ಕಾಗದದಲ್ಲಿ ತಡೆಯುವ ಸುತ್ತೂ ಒಂದಿದೆ. ಭಾನುವಾರ ದೊಡ್ಡ ಕ್ಯಾಂಪ್ ಮಾಡಿ ನೂರು ಜನಕ್ಕೆ ‘ನಿಮಗೆ ಬಿಪಿ ಇದೆ’ ಅಂದಿರಿ ಅಂತಿಟ್ಟುಕೊಳ್ಳಿ. ಸೋಮವಾರದಿಂದ ಬರುವವರು ಏರಿದರು, ಸ್ಟಾಕ್ ಬೇಗ ಖಾಲಿಯಾಯಿತು, ಬರಿಗೈಯಲ್ಲಿ ಹೋದವರು ಏರಿದರು, ಬರುವವರು ಮತ್ತೆ ಇಳಿದರು. ಮೈನಸ್ ಮೂರು. ಕ್ಯಾಂಪಿನ ಫೋಟೊ ಚೆನ್ನಾಗಿ ಬಂದಿರುತ್ತದೆ, ಊರಿನ ಬಿಪಿ ಇದ್ದಲ್ಲೇ ಇರುತ್ತದೆ. ಮಾತ್ರೆಯ ಏರ್ಪಾಡಿಲ್ಲದೆ ತಪಾಸಣಾ ಶಿಬಿರ ಮಾಡುವುದಕ್ಕೆ ನನ್ನ ವಿರೋಧ ಇರುವುದು ಇದಕ್ಕೇ.

ತಡವಾಗಿ ಬರುವ ಬಾಣಗಳು

ಕೆಲವು ಬಾಣಗಳ ಫಲ ಬೇಗ ಕಾಣುವುದಿಲ್ಲ. ಅಂಥ ಬಾಣದ ಮೇಲೆ ಎರಡು ಅಡ್ಡ ಗೀಟು ಹಾಕಿ. ಬಿಪಿಗೆ ನೋವಿಲ್ಲ. ಮಾತ್ರೆ ಬಿಟ್ಟ ಮಾರನೇ ದಿನ ಸಾಮಾನ್ಯವಾಗಿ ಏನೂ ಆದಂತೆ ಕಾಣುವುದಿಲ್ಲ, ಮೈ ಹಗುರ ಅನ್ನಿಸಬಹುದು ಕೂಡ. ಲಕ್ವ ಬರುವುದು ಎಷ್ಟೋ ವರ್ಷದ ಮೇಲೆ. ಆಗ ಜನ ಹೇಳುವುದು ‘ಅವರೂ ಮಾತ್ರೆ ನುಂಗ್ತಿದ್ರು, ಏನಾಯ್ತು ನೋಡಿ’ ಅಂತ. ನಡುವೆ ಬಿಟ್ಟದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಆ ಮಾತು ಕೇಳಿ ಇನ್ನಿಬ್ಬರು ಬಿಡುತ್ತಾರೆ. ಅದೂ ಒಂದು ಬೆಳೆಯುವ ಸುತ್ತೇ.

ತಡ ಎಷ್ಟು ಉದ್ದ ಇರಬಹುದು ಅನ್ನುವುದಕ್ಕೆ ಮೈಸೂರಿನ ಉದಾಹರಣೆ ಇದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟ ರಿಜಿಸ್ಟರ್‌ಗಳು ಉಳಿದಿದ್ದವು. ಸಂಶೋಧಕರು ಆ ಮಕ್ಕಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. 45 ದಾಟಿದವರಲ್ಲಿ, ಹುಟ್ಟಿದಾಗ ತೂಕ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಬಸುರಿಯ ಊಟದಿಂದ ಮಗುವಿನ ಮಧ್ಯವಯಸ್ಸಿನ ಎದೆನೋವಿಗೆ ಬಾಣ! ಅಂಗನವಾಡಿ ಕಾರ್ಯಕರ್ತೆಯೂ ಸಭೆಗೆ ಬರಬೇಕು ಅನ್ನುವುದು ಇದಕ್ಕೆ.

ನಕ್ಷೆ ಸುಳ್ಳು ಹೇಳುತ್ತಿಲ್ಲವೇ ನೋಡಿ

ಸಭೆಯಲ್ಲಿ ಜೋರು ಗಂಟಲಿನವರ ಬಾಣಗಳೇ ದಪ್ಪಗಿರುತ್ತವೆ. ಹಾಗಾಗಿ ಒಂದು ವಾರ ಬಿಟ್ಟು ಪರೀಕ್ಷೆ ಮಾಡಿ. ಔಷಧಿ ರಿಜಿಸ್ಟರಿನಲ್ಲಿ ಕಳೆದ ಆರು ತಿಂಗಳಲ್ಲಿ ಎಷ್ಟು ದಿನ ಸ್ಟಾಕ್ ಸೊನ್ನೆ ಇತ್ತು? ಆ ದಿನಗಳ ನಂತರ ಬಂದವರು ನಿಜಕ್ಕೂ ಕಡಿಮೆಯಾದರಾ? ಆಗಿಲ್ಲದಿದ್ದರೆ ಬಾಣ ತೆಗೆಯಿರಿ, ಬೇಜಾರು ಮಾಡಿಕೊಳ್ಳಬೇಡಿ.

ಉಪ್ಪಿನ ಬಾಣಕ್ಕೆ ಇನ್ನೂ ಸುಲಭದ ಪರೀಕ್ಷೆ ಇದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಅಂತ. ನಾಲ್ಕು ಜನರ ಮನೆಗೆ ದಿನಕ್ಕೆ 20 ಗ್ರಾಂ ಆಯಿತು. ಅಂದರೆ 1 ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಪ್ಯಾಕೆಟ್ ಒಡೆದ ದಿನಾಂಕವನ್ನು ಅದರ ಮೇಲೇ ಬರೆಯಲು ಹೇಳಿ. 25 ದಿನಕ್ಕೆ ಮುಗಿದರೆ ತಲೆಗೆ 10 ಗ್ರಾಂ. ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರ, ಹೋಟೆಲ್ ತಿಂಡಿಯ ಉಪ್ಪು ಇದರಲ್ಲಿ ಸೇರಿಲ್ಲ. ಮೀನು ತೊಳೆಯಲು ಹಾಕಿದ್ದು, ಮನೆಯಲ್ಲೇ ಉಪ್ಪಿನಕಾಯಿ ಹಾಕಿದ್ದು ಇದ್ದರೆ ಅದನ್ನು ಕಳೆಯಿರಿ. ಈ ಲೆಕ್ಕ ಕೇಳಿದ ಮೇಲೆ ಹೆಂಗಸರು ತಾವೇ ಪಕ್ಕದ ಮನೆ ಪ್ಯಾಕೆಟ್ ವಿಚಾರಿಸುತ್ತಾರೆ!

ಉಪ್ಪಿನ ಸುತ್ತು ಚಿಕ್ಕದು. ಅಡುಗೆಯಲ್ಲಿ ಉಪ್ಪು ಏರಿದರೆ ನಾಲಗೆಗೆ ಅಷ್ಟೇ ರೂಢಿಯಾಗುತ್ತದೆ, ಆಮೇಲೆ ಕಡಿಮೆ ಇದ್ದರೆ ಸಪ್ಪೆ ಅನ್ನಿಸುತ್ತದೆ, ಇನ್ನಷ್ಟು ಬೀಳುತ್ತದೆ. ಬೆಳೆಯುವ ಸುತ್ತು. ಬೆಳೆಯುವ ಸುತ್ತಿನ ಒಳ್ಳೆಯ ಗುಣ ಏನೆಂದರೆ ಅದು ಕೆಳಕ್ಕೂ ಅಷ್ಟೇ ಚೆನ್ನಾಗಿ ತಿರುಗುತ್ತದೆ. ವಾರಕ್ಕಿಷ್ಟು ಅಂತ ಸ್ವಲ್ಪ ಸ್ವಲ್ಪ ಇಳಿಸಿದರೆ ಕೆಲವು ವಾರಗಳಲ್ಲಿ ನಾಲಗೆ ಒಗ್ಗಿಕೊಂಡು ಹಳೇ ಸಾರೇ ಉಪ್ಪುಪ್ಪು ಅನ್ನಿಸುತ್ತದೆ.

ಎಲ್ಲಿ ಕೈ ಹಾಕಬೇಕು

ಫಿನ್ಲೆಂಡಿನ ಉತ್ತರ ಕರೇಲಿಯದ ಕಥೆ ಇಲ್ಲಿ ಹೇಳಬೇಕು. ಕಾಡು, ಹಸು, ಚಳಿ ಇರುವ ಬಡ ಪ್ರಾಂತ್ಯ. 1970ರ ಸುಮಾರಿಗೆ ಅಲ್ಲಿನ ಗಂಡಸರು ಹೃದಯಾಘಾತದಿಂದ ಸಾಯುವ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿನದರ ಸಾಲಿನಲ್ಲಿತ್ತು. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಕೊಬ್ಬಿನ ಹಾಲು, ಉಪ್ಪು, ಸಿಗರೇಟು. 1971ರಲ್ಲಿ ಪ್ರಾಂತ್ಯದವರೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಯೋಜನೆ ಶುರುವಾಯಿತು. ಅದನ್ನು ನಡೆಸಿದ ಪೆಕ್ಕಾ ಪುಸ್ಕಾಗೆ ಆಗ ಮೂವತ್ತೂ ತುಂಬಿರಲಿಲ್ಲ.

ಬೆಣ್ಣೆ ಬಿಡಿ ಅಂತ ಹೇಳುವುದು ಸುಲಭ. ಆದರೆ ಬೆಣ್ಣೆ ಅಲ್ಲಿನ ಹೈನುಗಾರರ ಬದುಕು. ಹಾಲಿನ ಉದ್ಯಮ ತಿರುಗಿಬಿತ್ತು. ಕಾಗದದ ಮೇಲೆ ಬಿಡಿಸಿದರೆ ಇದು ಅಪ್ಪಟ ತಡೆಯುವ ಸುತ್ತು: ಬೆಣ್ಣೆ ತಿನ್ನುವುದು ಇಳಿದರೆ ರೈತರ ಆದಾಯ ಇಳಿಯುತ್ತದೆ, ವಿರೋಧ ಏರುತ್ತದೆ, ಕೆಲಸ ನಿಲ್ಲುತ್ತದೆ. ಅವರು ಅದನ್ನು ಎದುರು ನಿಂತು ತಳ್ಳಿದ್ದಷ್ಟೇ ಆಗಿದ್ದರೆ ಸೋಲುತ್ತಿದ್ದರು. ಹೈನುಗಾರರು ಬೆರಿ ಹಣ್ಣಿನ ಕೃಷಿಗೆ ಹೊರಳಲು ನೆರವು ಕೊಟ್ಟರು. ಸಾಸೇಜು ಮಾಡುವವರು ಹಂದಿಕೊಬ್ಬಿನ ಒಂದು ಪಾಲಿನ ಜಾಗಕ್ಕೆ ಅಣಬೆ ಹಾಕಿ ನೋಡಿದರು. ಮಾರ್ಥಾ ಅನ್ನುವ ಗೃಹಿಣಿಯರ ಸಂಘ ಊರೂರಲ್ಲಿ ಸಂಜೆ ಊಟ ಏರ್ಪಡಿಸಿ ಅಲ್ಲಿನ ಅಡುಗೆಯನ್ನೇ ತರಕಾರಿ ಹೆಚ್ಚಿಸಿ ಮಾಡಿ ಬಡಿಸಿತು. ನಾಲ್ಕು ದಶಕದಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು ಶೇ 80ಕ್ಕಿಂತ ಹೆಚ್ಚು ಇಳಿಯಿತು. ಚಿಕಿತ್ಸೆ ಸುಧಾರಿಸಿದ್ದೂ ಇದಕ್ಕೆ ಒಂದು ಕಾರಣ. ಆದರೆ ಊಟ ಮತ್ತು ಸಿಗರೇಟು ಬದಲಾದದ್ದು ದೊಡ್ಡ ಪಾಲು.

ನಮ್ಮ ಕಾಗದಕ್ಕೆ ಬರೋಣ. ಒಂದೊಂದು ಸುತ್ತಿನ ಎದುರು ಕೂತು ಮೂರು ಪ್ರಶ್ನೆ ಕೇಳಿ. ಇದನ್ನು ಬದಲಿಸುವ ಅಧಿಕಾರ ಈ ಕೋಣೆಯಲ್ಲಿ ಯಾರಿಗಾದರೂ ಇದೆಯಾ? ಬದಲಿಸಿದರೆ ಯಾರ ಹೊಟ್ಟೆ ಮೇಲೆ ಹೊಡೆತ ಬೀಳುತ್ತದೆ? ಮೂರು ತಿಂಗಳಲ್ಲಿ ಗೊತ್ತಾಗುವ ಗುರುತೇನು?

ಡೊನೆಲ್ಲಾ ಮೆಡೋಸ್ ಅನ್ನುವ ಅಮೆರಿಕದ ವಿಜ್ಞಾನಿ ಇಂಥ ಕೈ ಹಾಕುವ ಜಾಗಗಳನ್ನು ಬಲದ ಪ್ರಕಾರ ಸಾಲಾಗಿ ಜೋಡಿಸಿದ್ದರು. ಬರೀ ಅಂಕಿ ಏರಿಸುವುದು ಇಳಿಸುವುದು ದುರ್ಬಲ ಜಾಗ. ಮಾಹಿತಿ ಯಾರಿಗೆ ತಲುಪುತ್ತದೆ, ನಿಯಮ ಏನು ಅನ್ನುವುದು ಅದಕ್ಕಿಂತ ಗಟ್ಟಿ. ಮಾತ್ರೆಯ ಸುತ್ತಿನಲ್ಲಿ ಇದು ಸ್ಪಷ್ಟ. ಒಂದು ಸಲ ಎರಡು ಡಬ್ಬ ಜಾಸ್ತಿ ತರಿಸುವುದು ಅಂಕಿ ಬದಲಿಸಿದ ಹಾಗೆ. ಮುಂದಿನ ತಿಂಗಳು ಮತ್ತೆ ಅದೇ. ‘ಹೋದ ತಿಂಗಳ ಖರ್ಚಿನ ಮೇಲೆ ಇಂಡೆಂಟ್’ ಅನ್ನುವುದನ್ನು ‘ಹೆಸರು ನೋಂದಾಯಿಸಿದವರ ಸಂಖ್ಯೆಯ ಮೇಲೆ ಇಂಡೆಂಟ್’ ಅಂತ ಮಾಡಿದರೆ ಸುತ್ತೇ ಮುರಿಯುತ್ತದೆ. 150 ಜನ, ದಿನಕ್ಕೊಂದು ಮಾತ್ರೆ, 30 ದಿನ ಅಂದರೆ ತಿಂಗಳಿಗೆ 4,500. ಅದರ ಮೇಲೆ ಒಂದೆರಡು ತಿಂಗಳ ಕಾಪು. ಲೆಕ್ಕ ಇಷ್ಟೇ.

ಇದು ಹೊಸದೇನಲ್ಲ. 2017ರಲ್ಲಿ ದೇಶದಲ್ಲಿ ಶುರುವಾದ ಅಧಿಕ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಜೀವಾಳವೂ ಹೆಚ್ಚುಕಡಿಮೆ ಇದೇ: ಎಲ್ಲ ಕಡೆ ಒಂದೇ ಸರಳ ಚಿಕಿತ್ಸಾ ಕ್ರಮ, ತಪ್ಪದ ಮಾತ್ರೆ ಪೂರೈಕೆ, ಮನೆ ಹತ್ತಿರದ ಕೇಂದ್ರದಲ್ಲೇ ತಪಾಸಣೆ, ಬಂದವರು ಬಾರದವರ ಲೆಕ್ಕ. ಕರ್ನಾಟಕದಲ್ಲಿ 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ತಪಾಸಣೆ ಮಾಡಿ ದೂರದ ಬಾಣವನ್ನು ಗಿಡ್ಡ ಮಾಡುತ್ತದೆ. ನಿಮ್ಮ ನಕ್ಷೆಯಲ್ಲಿ ಅದನ್ನೂ ಒಂದು ಚೀಟಿಯಾಗಿ ಹಾಕಿ. ಆಮೇಲೆ ಕೇಳಿ: ಹೊಸದಾಗಿ ಸಿಕ್ಕವರೆಲ್ಲರಿಗೂ ಮಾತ್ರೆ ಎಲ್ಲಿಂದ? ಆಶಾ ಅವರ ದಿನದಲ್ಲಿ ಇನ್ನೆಷ್ಟು ಗಂಟೆ ಉಳಿದಿದೆ?

ಕೂಲಿ ತಪ್ಪುವ ಬಾಣಕ್ಕೆ ಹಳ್ಳಿಯಲ್ಲೇ ಒಂದು ಮದ್ದಿದೆ: ಹಾಲಿನ ಡೇರಿ. ಬೆಳಿಗ್ಗೆ ಸಂಜೆ ಕ್ಯಾನ್ ಹಿಡಿದುಕೊಂಡು ಊರಿನ ಅರ್ಧ ಮನೆಯವರು ಹೇಗೂ ಅಲ್ಲಿ ನಿಲ್ಲುತ್ತಾರೆ. ವಾರಕ್ಕೊಂದು ಸಂಜೆ ಅಲ್ಲೇ ಒಂದು ಕುರ್ಚಿ ಹಾಕಿ ಬಿಪಿ ನೋಡಬಹುದು. ಹಾಲು ಹೊತ್ತುಕೊಂಡು ಬಂದವರನ್ನು ಕೂಡಲೇ ನೋಡಬೇಡಿ, ಐದು ನಿಮಿಷ ಕೂತ ಮೇಲೆ ನೋಡಿ. ಇಲ್ಲದಿದ್ದರೆ ಸುಮ್ನೆ ಜಾಸ್ತಿ ತೋರಿಸುತ್ತದೆ. ಮಾತ್ರೆ ಶುರು ಮಾಡುವುದು, ಬದಲಿಸುವುದು ಮಾತ್ರ ಡಾಕ್ಟರ್ ಕೆಲಸವೇ.

ಏನನ್ನು ಎಣಿಸಬೇಕು

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಹೆಚ್ಚೆಂದರೆ ಎರಡು. ಐದು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಶುರು ಮಾಡುವ ಮೊದಲು ‘ಇದರಿಂದ ಏನು ಕೆಡಬಹುದು?’ ಅಂತಲೂ ಬರೆದಿಡಿ. ಡೇರಿಯಲ್ಲಿ ಎಲ್ಲರೆದುರು ಬಿಪಿ ನೋಡಿದರೆ ಮದುವೆ ಆಗಬೇಕಾದ ಹುಡುಗಿಯರು ಬರುವುದಿಲ್ಲ ಅಂತ ಒಬ್ಬ ಅಮ್ಮ ಹೇಳಿದ್ದರು. ನನಗೆ ಹೊಳೆದೇ ಇರಲಿಲ್ಲ.

ಎಷ್ಟು ಶಿಬಿರ ಮಾಡಿದೆವು, ಎಷ್ಟು ಕರಪತ್ರ ಹಂಚಿದೆವು ಅಂತ ಎಣಿಸುವುದು ಬೇಡ. ಎರಡೇ ಅಂಕಿ ಸಾಕು. ತಿಂಗಳಲ್ಲಿ ಎಷ್ಟು ದಿನ ಮಾತ್ರೆ ಸ್ಟಾಕ್ ಇರಲಿಲ್ಲ? ನೋಂದಾಯಿಸಿದವರಲ್ಲಿ, ಕಳೆದ ಮೂರು ತಿಂಗಳಲ್ಲಿ ಬಂದು 140/90ಕ್ಕಿಂತ ಕೆಳಗೆ ಬಿಪಿ ಇದ್ದವರು ನೂರಕ್ಕೆ ಎಷ್ಟು? ಬಾರದೇ ಇದ್ದವರನ್ನು ಹತೋಟಿಯಲ್ಲಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಬಂದವರನ್ನು ಮಾತ್ರ ಎಣಿಸಿದರೆ ಅಂಕಿ ಚೆಂದ ಕಾಣುತ್ತದೆ, ಬಿಟ್ಟುಹೋದ ಅಜ್ಜಿ ಮಾಯವಾಗುತ್ತಾರೆ. ಈ ಎರಡು ಅಂಕಿಗಳನ್ನು ಉಪಕೇಂದ್ರದ ಬಾಗಿಲಿಗೆ ಬರೆದು ಅಂಟಿಸಿ. ಮಾಹಿತಿ ಯಾರಿಗೆ ತಲುಪುತ್ತದೆ ಅನ್ನುವುದು ಗಟ್ಟಿ ಜಾಗ ಅಂದೆನಲ್ಲ, ಅದಕ್ಕೆ.

ಮೊದಲ ಒಂದೆರಡು ತಿಂಗಳು ಎರಡನೇ ಅಂಕಿ ಇಳಿಯಲೂಬಹುದು. ಹೊಸಬರ ಹೆಸರು ಸೇರಿರುತ್ತದೆ, ಅವರ ಬಿಪಿ ಇನ್ನೂ ಇಳಿದಿರುವುದಿಲ್ಲ. ಪಂಚಾಯಿತಿಯವರಿಗೆ ಇದನ್ನು ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಎರಡನೇ ತಿಂಗಳಿಗೇ ‘ಇದೆಲ್ಲ ಆಗೋದಲ್ಲ ಬಿಡಿ’ ಅನ್ನುತ್ತಾರೆ.

ಕಾಗದವನ್ನು ಎಸೆಯಬೇಡಿ. ಮೂಲೆಯಲ್ಲಿ ತಾರೀಖು ಬರೆದು, ಸುರುಳಿ ಸುತ್ತಿ, ಗೆದ್ದಲು ಹತ್ತದ ಕಡೆ ಇಡಿ. ಆರು ತಿಂಗಳ ಮೇಲೆ ಅದೇ ಜನರನ್ನು ಕರೆದು ಅದನ್ನೇ ಹಾಸಿ. ಈ ಸಲ ಮೂರನೇ ಬಣ್ಣದ ಪೆನ್ ತನ್ನಿ. ತಪ್ಪಾಗಿದ್ದ ಬಾಣದ ಮೇಲೆ ಅಡ್ಡ ಗೆರೆ ಎಳೆಯಿರಿ, ಪೂರ್ತಿ ಅಳಿಸಬೇಡಿ. ಬೇಕರಿಯವರು ಬರುವಾಗ ಕಡಿಮೆ ಉಪ್ಪಿನ ಖಾರ ಒಂದು ಪೊಟ್ಟಣ ತಂದಿದ್ದರೆ, ಮೊದಲು ಅದನ್ನು ಹಂಚಿ ತಿಂದು ನೋಡಿ.